ಗುಲಾಬಿ ಮಾತ್ರೆ ನಿಲ್ಲಿಸಿ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿ, ಎರಡು ಗಂಟೆಯಿಂದ ಬೆನ್ನು ಬಗ್ಗಿಸದೆ ಕುಳಿತಿರುವ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ. ದೂರದಿಂದ ಬಂದು, ಇನ್ನೂ ದೂರ ಹೋಗಬೇಕಾಗಿರುವ ಮುಖ್ಯ ಅತಿಥಿಗಳೇ. ಇದೀಗ ಸನ್ಮಾನ ಸ್ವೀಕರಿಸಿ ಹೂಗುಚ್ಛದ ಹಿಂದೆ ಅರ್ಧ ಮರೆಯಾಗಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರೇ. ಡಾಕ್ಟರುಗಳೇ, ಸಿಸ್ಟರುಗಳೇ, ಮತ್ತು ಊಟದ ಕೋಣೆಯ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಕತ್ತು ಹೊರಳಿಸಿ ನೋಡುತ್ತಿರುವ ನನ್ನ ಪ್ರೀತಿಯ ಸಭಿಕರೇ,

ತಾಂತ್ರಿಕ ವಿಭಾಗದ ಪರವಾಗಿ ನಿರ್ದೇಶಕರನ್ನು ಕುರಿತು ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ತಾಂತ್ರಿಕ ವಿಭಾಗವೆಂದರೆ ಯಾರು? ನಾನು. ನನ್ನ ಜೊತೆಗೆ ಮನಸ್ಸು ಬಂದಾಗ ಕೆಲಸ ಮಾಡುವ ಒಂದು ಪ್ರಿಂಟರು. ಅದಕ್ಕೆ ಬಾಯಿಲ್ಲ. ಆದ್ದರಿಂದ ನಾನು ಬಂದೆ.

ಈಗ ತಾನೆ ಪ್ರಶಸ್ತಿ ಪತ್ರವನ್ನು ಓದಿದರು. ನೀವು ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಅದರಲ್ಲಿ ಒಂದು ವಾಕ್ಯವಿತ್ತು: "ರೋಗಿಗಳಿಗೆ ಸಾಲು ಸಾಲಾಗಿ, ಸ್ಪಷ್ಟವಾಗಿ ಸೂಚನೆ ತಲುಪಿಸುವ ಮಾದರಿ ಜಾಲತಾಣ." ಎಂಥ ಮಾತು! ಸಾಲು ಸಾಲಾಗಿ! ನಾನು ಇವತ್ತು ಆ ಸಾಲುಗಳ ಬಗ್ಗೆ ಮಾತ್ರ ಮಾತಾಡುತ್ತೇನೆ. ನಿರ್ದೇಶಕರ ಇತರ ಸಾಧನೆಗಳಿಗೆ ಈ ಸಂಜೆ ಸಾಲದು.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೊದಲು ನಮ್ಮಲ್ಲಿ ಔಷಧಿ ಚೀಟಿ ಇತ್ತು. ಡಾಕ್ಟರು ಬರೆಯುತ್ತಿದ್ದರು, ರೋಗಿಗೆ ತಿಳಿಯುತ್ತಿರಲಿಲ್ಲ, ಔಷಧಿ ಅಂಗಡಿಯವರು ಊಹಿಸುತ್ತಿದ್ದರು. ಹೇಗೋ ಎಲ್ಲರೂ ಬದುಕುತ್ತಿದ್ದರು. ನಿರ್ದೇಶಕರು ಬಂದರು, ಕಾಗದ ಹೋಯಿತು. ಡಾಕ್ಟರು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಾರೆ, ರೋಗಿ ಮನೆಗೆ ಹೋಗಿ ಫೋನಿನಲ್ಲಿ ತನ್ನ ಪುಟ ತೆರೆದು ಓದಿಕೊಳ್ಳುತ್ತಾನೆ. ಒಳ್ಳೆಯ ಯೋಚನೆ. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಇವತ್ತು ವ್ಯಂಗ್ಯವಿಲ್ಲದೆ ಹೇಳುವ ಮಾತು ಬಹುಶಃ ಇದೊಂದೇ ಇರಬಹುದು, ಗುರುತು ಹಾಕಿಕೊಳ್ಳಿ.

ಆ ಪುಟವನ್ನು ಕಟ್ಟಿದ್ದು ನಾನು. ಅದು ಕಾಗದದ ಪುಟದ ಹಾಗೆ ಎಲ್ಲೋ ಸಿದ್ಧವಾಗಿ ಕುಳಿತಿರುವುದಿಲ್ಲ. ನೀವು ಕೇಳಿದ ಗಳಿಗೆಯಲ್ಲಿ, ನಮ್ಮ ನೆಲಮಾಳಿಗೆಯ ದೊಡ್ಡ ಕಂಪ್ಯೂಟರಿನಲ್ಲಿ ನಾನು ಬರೆದಿಟ್ಟ ಒಂದು ಆಜ್ಞೆಗಳ ಕಡತ ಎದ್ದು, ಡಾಕ್ಟರು ಬರೆದದ್ದನ್ನು ಮಾಹಿತಿಯ ಉಗ್ರಾಣದಿಂದ ತಂದು, ಹೆಸರು ಸೇರಿಸಿ, ತಾರೀಕು ಸೇರಿಸಿ, ಪುಟ ಹೆಣೆದು ಕಳಿಸುತ್ತದೆ. ಪ್ರತಿ ಸಲ, ಪ್ರತಿಯೊಬ್ಬರಿಗೂ. ಪಾಪ, ಬೇಸರವಿಲ್ಲದ ಜೀವ.

ಅದರಲ್ಲಿ ಒಂದು ಸಣ್ಣ ತೊಡಕು. ಡಾಕ್ಟರು ಒಂದು ಸಾಲು ಬರೆದು ಎಂಟರ್ ಒತ್ತುತ್ತಾರೆ, ಕೆಳಗೆ ಇನ್ನೊಂದು ಸಾಲು ಬರೆಯುತ್ತಾರೆ. ಆ ಎಂಟರ್ ಉಗ್ರಾಣದಲ್ಲಿ ಇರುತ್ತದೆ, ಎಲ್ಲೂ ಹೋಗುವುದಿಲ್ಲ. ಆದರೆ ಪುಟ ತೋರಿಸುವ ನಿಮ್ಮ ಫೋನಿಗೆ ಅದರ ಬಗ್ಗೆ ಗೌರವವಿಲ್ಲ. ಎಂಟರ್ ಕಂಡರೆ ಅದು "ಓಹೋ, ಒಂದು ಖಾಲಿ ಜಾಗ" ಎಂದುಕೊಂಡು ಮುಂದೆ ಹೋಗುತ್ತದೆ. "ಇಲ್ಲಿ ಸಾಲು ಮುರಿ" ಎಂದು ಅದರದೇ ಭಾಷೆಯ ಗುರುತಿನಲ್ಲಿ ಹೇಳಿದರೆ ಮಾತ್ರ ಮುರಿಯುತ್ತದೆ. ಹಾಗೆ ಹೇಳಲು ನನ್ನ ಕಡತದಲ್ಲಿ ಒಂದೇ ಒಂದು ಪದ ಸೇರಿಸಬೇಕಿತ್ತು. ಸೇರಿಸಿರಲಿಲ್ಲ. ಡಾಕ್ಟರು ಬರೆದ ಐದು ಸಾಲು ರೋಗಿಗೆ ಒಂದೇ ಸಾಲಾಗಿ ಕಾಣುತ್ತಿತ್ತು.

ತಮಾಷೆಯೆಂದರೆ, ಪುಟದ ಹಿಂಬದಿ ತೆರೆದು ನೋಡಿದರೆ ಎಲ್ಲ ಸಾಲೂ ಶಿಸ್ತಾಗಿ ಒಂದರ ಕೆಳಗೊಂದು ನಿಂತಿದ್ದವು. ಮುಂಬದಿಯಲ್ಲಿ ಗೊಂದಲ, ಕಡತದಲ್ಲಿ ಎಲ್ಲವೂ ಸರಿ. ಇದು ನಮ್ಮ ಸಂಸ್ಥೆಯ ಸಂಪ್ರದಾಯಕ್ಕೆ ಅನುಗುಣವಾಗಿಯೇ ಇತ್ತು ಎಂದು ನಿಮಗೆ ಅನ್ನಿಸಿದರೆ ನಾನು ತಡೆಯುವುದಿಲ್ಲ.

ಇದನ್ನು ಮೊದಲು ಕಂಡುಹಿಡಿದವರು ನಮ್ಮ ಎರಡನೇ ಮಹಡಿಯ ದೊಡ್ಡ ಸಿಸ್ಟರ್. ಅವರಿಗೊಂದು ಫೋನು ಬಂತು. ಮಂಡಿ ಶಸ್ತ್ರಚಿಕಿತ್ಸೆಯಾದ ಒಬ್ಬ ಹಿರಿಯರು. ಡಾಕ್ಟರು ಬರೆದಿದ್ದು ಎರಡು ಸಾಲು: "ಮೆಟ್ಟಿಲು ಹತ್ತಬಹುದು", ಅದರ ಕೆಳಗೆ, "ದಿನಕ್ಕೆ ನಾಲ್ಕು ಸಲ ಮುಲಾಮು ಹಚ್ಚಿ". ಹಿರಿಯರು ಏನು ಕೇಳಿದರು ಗೊತ್ತೇ? "ಸಿಸ್ಟರ್, ನಮ್ಮದು ನೆಲಮಹಡಿ ಮನೆ, ಮೆಟ್ಟಿಲೇ ಇಲ್ಲ. ಮೂರು ದಿನದಿಂದ ಪಕ್ಕದ ಮನೆಯವರದ್ದು ನಾಲ್ಕು ನಾಲ್ಕು ಸಲ ಹತ್ತಿ ಬರ್ತಾ ಇದೀನಿ. ಅವರು ಬೇಜಾರು ಮಾಡ್ಕೊಳ್ತಾ ಇದಾರೆ. ಇನ್ನೆಷ್ಟು ದಿನ ಹತ್ಬೇಕು?"

ನೀವು ನಕ್ಕಿರಿ. ನಾವೂ ನಕ್ಕೆವು. ದೊಡ್ಡ ಸಿಸ್ಟರ್ ಮಾತ್ರ ನಗಲಿಲ್ಲ. "ಕಂಪ್ಯೂಟರ್ ಮೇಡಂ, ಇದು ಮುಲಾಮು, ಸರಿಹೋಯ್ತು. ನಾಳೆ ಮಾತ್ರೆ ಆದ್ರೆ?" ಎಂದರು. ಅವತ್ತಿನಿಂದ ಅವರು ತಮ್ಮ ವಾರ್ಡಿನಿಂದ ಮನೆಗೆ ಹೋದ ಪ್ರತಿಯೊಬ್ಬರಿಗೂ ಫೋನು ಮಾಡಿ ಒಂದೊಂದೇ ಸಾಲು ಓದಿ ಹೇಳತೊಡಗಿದರು. ಅವರ ಹೆಸರು ಪ್ರಶಸ್ತಿ ಪತ್ರದಲ್ಲಿಲ್ಲ. ಜಾಗ ಸಾಲಲಿಲ್ಲವೇನೋ.

ನಾನು ನನ್ನ ಮೇಜಿಗೆ ಹೋಗಿ, ಕಡತದ ಒಂದು ಪ್ರತಿ ತೆಗೆದು, ಆ ಒಂದು ಪದ ಸೇರಿಸಿ ನೋಡಿದೆ. ಸಾಲುಗಳು ಸೈನಿಕರ ಹಾಗೆ ಬಂದು ನಿಂತವು. ಎರಡು ನಿಮಿಷ ಹಿಡಿಯಿತು. ಅದರಲ್ಲಿ ಒಂದೂವರೆ ನಿಮಿಷ ಕನ್ನಡಕ ಹುಡುಕಲು. ಸಂತೋಷದಿಂದ ಸೋಮವಾರದ ಸಭೆಗೆ ಹೋಗಿ ಹೇಳಿದೆ. ನಿರ್ದೇಶಕರು ನನ್ನ ಪುಟವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿದರು.

"ಪುಟ ಉದ್ದ ಆಯ್ತಲ್ಲ ಮೇಡಂ. ಎಲ್ಲ ಒಂದೇ ಪರದೆಯಲ್ಲಿ ಕಾಣ್ಬೇಕು ಅಂತ ಹೇಳಿದ್ದೆ ತಾನೇ?"

"ಸರ್, ಜನಕ್ಕೆ ಅರ್ಥ ಆಗ್ತಿಲ್ಲ. ಸಾಲು ಮುರೀದೆ ಇದ್ರೆ..."

"ಎಂಟರ್ ಒತ್ತೋದು ಹೇಗೆ ಅಂತ ಕಲಿಸೋಕೆ ನಿಮ್ಮನ್ನ ಇಟ್ಕೊಂಡಿಲ್ಲ. ಬೇಕಿದ್ರೆ ಬರವಣಿಗೆಯಲ್ಲಿ ಕೊಡಿ."

ಸಭೆಯಲ್ಲಿ ಹದಿನಾಲ್ಕು ಜನ ಇದ್ದರು. ಹದಿನಾಲ್ಕು ಜನರೂ ನಕ್ಕರು. ಈಗ ಮುಂದಿನ ಸಾಲಿನಲ್ಲಿ ಕುಳಿತಿರುವ ನೀವೇ ನಕ್ಕಿದ್ದು. ಪರವಾಗಿಲ್ಲ, ಆಗಿನ ನಗುವಿಗೂ ಈಗಿನ ಗಾಂಭೀರ್ಯಕ್ಕೂ ಲೆಕ್ಕ ಸರಿಹೋಯಿತು.

ನಾನು ಬರವಣಿಗೆಯಲ್ಲಿ ಕೊಟ್ಟೆ. ಎರಡು ಪುಟ. ಉದಾಹರಣೆಗಳ ಸಮೇತ. ನಾಲ್ಕನೇ ದಿನ ಅದು ವಾಪಸು ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದೇ ಪದ: "ಚರ್ಚಿಸಿ". ಯಾರೊಂದಿಗೆ ಚರ್ಚಿಸಬೇಕು? ಯಾವಾಗ? ಗೋಡೆಯೊಂದಿಗೇ? ಬರೆದಿರಲಿಲ್ಲ. ನಿರ್ದೇಶಕರ ಮೇಲೆ ನನಗೆ ಗೌರವವಿದೆ. ಒಂದು ಪದದಲ್ಲಿ ಮುಗಿಸಬಹುದಾದ ಕೆಲಸವನ್ನು ಒಂದು ಪದದಲ್ಲೇ ನಿಲ್ಲಿಸುವ ಶಕ್ತಿ ಎಲ್ಲರಿಗೂ ಬರುವುದಿಲ್ಲ.

ಇಲ್ಲಿ ನಾನು ನನ್ನ ಅಕ್ಕನ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಇವತ್ತು ಬಂದಿದ್ದಾಳೆ, ಮೂರನೇ ಸಾಲಿನ ಕೊನೆಯ ಕುರ್ಚಿ. ಅಕ್ಕ, ಕೈ ಎತ್ತಬೇಡ, ಸುಮ್ಮನೆ ಕೂತಿರು. "ನಿನ್ನ ಭಾಷಣ ಕೇಳ್ಬೇಕು ಕಣೇ" ಎಂದು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದಾಳೆ.

ನಮ್ಮ ತಾಯಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ನನಗೆ ಎಂಟು. ಅವಳು ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಳು. ನಾನು ಶಾಲೆ ಮುಗಿಸಿ ಅಲ್ಲಿಗೇ ಹೋಗಿ, ಅವಳ ಕಾಲ ಬಳಿ ಕುಳಿತು ಪಾಠ ಬರೆಯುತ್ತಿದ್ದೆ. ಅವಳ ಬೆರಳ ತುದಿ ಸದಾ ಕಪ್ಪು. ಒಂದು ದಿನ ಅವಳು ಎರಡು ಸಾಲಿನ ನಡುವೆ ಅಕ್ಷರವಿಲ್ಲದ ಸೀಸದ ಪಟ್ಟಿ ಇಡುತ್ತಿದ್ದಳು. "ಇದು ಯಾತಕ್ಕೆ? ಇದ್ರಲ್ಲಿ ಏನೂ ಇಲ್ವಲ್ಲ?" ಎಂದೆ. "ಖಾಲಿ ಜಾಗ ತಾನಾಗಿ ಬರಲ್ಲ ಪುಟ್ಟಿ. ಅದನ್ನೂ ಜೋಡಿಸ್ಬೇಕು. ಇಲ್ದಿದ್ರೆ ಒಂದು ಸಾಲಿನ ಮೇಲೆ ಇನ್ನೊಂದು ಬಂದು ಕೂರುತ್ತೆ" ಎಂದಳು. ಇಪ್ಪತ್ತು ವರ್ಷ ಮೊಳೆ ಜೋಡಿಸಿದಳು. ಆ ಮುದ್ರಣಾಲಯ ಮುಚ್ಚಿದ ಮೇಲೆ ಕರಡು ತಿದ್ದುವ ಕೆಲಸ ಹಿಡಿದಳು. ಪುಸ್ತಕದವರು ಹುಡುಕಿಕೊಂಡು ಬರುತ್ತಿದ್ದರು, ಅವಳ ಕಣ್ಣಿನಿಂದ ಒಂದು ಅಲ್ಪವಿರಾಮವೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನಾವಿಬ್ಬರೂ ಮದುವೆಯಾಗಲಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು, ಒಂದೇ ಜಗಳ ಮೂವತ್ತು ವರ್ಷ.

ಅವಳಿಗೆ ಹೃದಯದ ತೊಂದರೆ. ರಕ್ತ ಹೆಪ್ಪುಗಟ್ಟದಂತೆ ಗುಲಾಬಿ ಬಣ್ಣದ ಮಾತ್ರೆ, ರಕ್ತದೊತ್ತಡಕ್ಕೆ ಬಿಳಿಯದು, ಇನ್ನೇನಕ್ಕೋ ಹಳದಿಯದು. ನನ್ನ ಪತ್ರದ ಮೇಲೆ ಹಸಿರು ಶಾಯಿ ಬಿದ್ದು ಐದು ವಾರವಾಗಿತ್ತು. ತಪಾಸಣೆಗೆ ಬಂದಾಗ ರಕ್ತ ತೀರ ತೆಳುವಾಗಿದೆ ಎಂದು ಹೃದಯದ ಡಾಕ್ಟರಿಗೆ ಗೊತ್ತಾಯಿತು. "ಮಾತ್ರೆ ಬದಲಾಯಿಸಿದೀನಮ್ಮ, ಎಲ್ಲ ಪುಟದಲ್ಲಿದೆ, ನೋಡ್ಕೊಳ್ಳಿ" ಎಂದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಅವರದೂ ತಪ್ಪಿಲ್ಲ. ಅವರು ಟೈಪು ಮಾಡಿದ್ದು ಐದು ಸಾಲು. ನಿಧಾನವಾಗಿ ಓದುತ್ತೇನೆ:

ಊಟದ ನಂತರ
ಹಳದಿ ಮಾತ್ರೆ ಬೆಳಿಗ್ಗೆ ಅರ್ಧ
ಬಿಳಿ ಮಾತ್ರೆ ರಾತ್ರಿ ಎರಡು
ಗುಲಾಬಿ ಮಾತ್ರೆ ನಿಲ್ಲಿಸಿ
ಹತ್ತು ದಿನ ಬಿಟ್ಟು ಬನ್ನಿ

ಡಾಕ್ಟರು ಪೂರ್ಣವಿರಾಮ ಹಾಕುವುದಿಲ್ಲ. ಸಾಲಿದೆಯಲ್ಲ, ವಿರಾಮ ಯಾಕೆ? ಅಕ್ಕನ ಫೋನಿನಲ್ಲಿ ಇದು ಒಂದೇ ಉಸಿರಿನಲ್ಲಿ ಬಂತು. ಅವಳು ಕರಡು ತಿದ್ದುವವಳಲ್ಲವೇ? ಸುಮ್ಮನೆ ಬಿಡುತ್ತಾಳೆಯೇ? ಒಂದು ಹಾಳೆ ತೆಗೆದು, ಪೆನ್ಸಿಲಿನಿಂದ ಅಚ್ಚುಕಟ್ಟಾಗಿ ಸಾಲು ಮುರಿದು ಬರೆದುಕೊಂಡಳು. ಹೀಗೆ:

ಊಟದ ನಂತರ ಹಳದಿ ಮಾತ್ರೆ.
ಬೆಳಿಗ್ಗೆ ಅರ್ಧ ಬಿಳಿ ಮಾತ್ರೆ.
ರಾತ್ರಿ ಎರಡು ಗುಲಾಬಿ ಮಾತ್ರೆ.
ನಿಲ್ಲಿಸಿ, ಹತ್ತು ದಿನ ಬಿಟ್ಟು ಬನ್ನಿ.

ಒಂದು ಪದವೂ ಬಿಟ್ಟಿಲ್ಲ. ಒಂದು ಪದವೂ ಸೇರಿಸಿಲ್ಲ. ಹತ್ತು ದಿನ ಮುಗಿದ ಮೇಲೆ ನಿಲ್ಲಿಸಿ ಬರಬೇಕು ಎಂದು ಅವಳು ತಿಳಿದಳು. ಹೇಳಿ, ಈ ಸಭೆಯಲ್ಲಿ ಇದನ್ನು ತಪ್ಪು ಓದು ಎನ್ನುವವರು ಯಾರಿದ್ದಾರೆ?

ಅವತ್ತು ಸಂಜೆ ನಾನು ಮನೆಗೆ ಬಂದಾಗ ಅವಳು ಕೇಳಿದಳು. ಹೌದು, ಕೇಳಿದಳು. ನಾನು ಇದನ್ನು ಬರೆದುಕೊಂಡು ಬಂದಿರಲಿಲ್ಲ, ಆದರೂ ಹೇಳುತ್ತೇನೆ.

"ಪುಟ್ಟಿ, ನಿಮ್ಮ ಆಸ್ಪತ್ರೆ ಪುಟದಲ್ಲಿ ಎಲ್ಲ ಅಂಟ್ಕೊಂಡಿದೆಯಲ್ಲೇ. ಇದನ್ನ ಸ್ವಲ್ಪ ನೋಡ್ತೀಯಾ?"

ಅಂದು ಸಭೆಯಲ್ಲಿ ಮತ್ತೆ ಯಾರೋ ಎಂಟರಿನ ಜೋಕು ಮಾಡಿದ್ದರು. ನನ್ನ ತಲೆ ಕಾದಿತ್ತು. ನಾನು ಕಾಲು ಕೂಡ ತೊಳೆದಿರಲಿಲ್ಲ.

"ನನ್ನನ್ನ ಯಾಕೆ ಕೇಳ್ತೀಯ, ಆ ನಿರ್ದೇಶಕನ್ನ ಕೇಳು. ಇಷ್ಟು ವರ್ಷ ಅಕ್ಷರ ಜೋಡ್ಸಿದೀಯ, ನಾಲ್ಕು ಪದ ಓದೋಕೆ ಆಗಲ್ವಾ?"

ಅವಳು ನಕ್ಕು, ಹಾಳೆಯನ್ನು ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದಳು.

ಒಂಬತ್ತು ರಾತ್ರಿ. ಒಂದೇ ಮೇಜು. ಎದುರಿಗೇ ಕುಳಿತಿದ್ದೆ. ಅವಳು ಎರಡು ಗುಲಾಬಿ ಮಾತ್ರೆ ಅಂಗೈಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು, ನಾನು ನಿರ್ದೇಶಕರ ಬಗ್ಗೆ ಮಾತಾಡುತ್ತಿದ್ದೆ. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೆ! "ಒಂದು ದಿನ ಯಾರಿಗಾದ್ರೂ ಏನಾದ್ರೂ ಆಗ್ಲಿ, ಆಗ ಗೊತ್ತಾಗುತ್ತೆ ಅವರಿಗೆ" ಎನ್ನುತ್ತಿದ್ದೆ. ಅವಳು "ಹಾಗೆಲ್ಲ ಅನ್ಬೇಡ ಕಣೇ" ಎನ್ನುತ್ತಿದ್ದಳು. ತೋಳಿನ ಮೇಲೆ ನೀಲಿ ಕಲೆ ಕಂಡಾಗ "ಎಲ್ಲಿ ತಾಗಿಸ್ಕೊಂಡೆ?" ಎಂದು ಕೇಳಿದ್ದೆ. ಕೇಳಿ, ಉತ್ತರಕ್ಕೆ ಕಾಯದೆ ಕಥೆ ಮುಂದುವರಿಸಿದ್ದೆ.

ಹತ್ತನೆಯ ಬೆಳಿಗ್ಗೆ ಅವಳು ಕನ್ನಡಿಯ ಮುಂದೆ ನಿಂತು, "ಪುಟ್ಟಿ, ಈ ಕಡೆ ಯಾರೋ ಕೆಂಪು ಪರದೆ ಬಿಟ್ಟ ಹಾಗಿದೆ" ಎಂದಳು. ಎಡಗಣ್ಣಿನ ಒಳಗೆ ರಕ್ತಸ್ರಾವ. ನಮ್ಮ ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದರು. ಜೀವ ಉಳಿಸಿದರು. ಅವರಿಗೆ ನಾನು ಕೈಮುಗಿಯುತ್ತೇನೆ, ಇದರಲ್ಲಿ ವ್ಯಂಗ್ಯವಿಲ್ಲ. ಕಣ್ಣು ಉಳಿಯಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಸ್ವಲ್ಪವೇ ಇದೆ ಸರ್. ನಿರ್ದೇಶಕರು ಎದ್ದು ಹೋಗಬೇಕಿಲ್ಲ. ಅವರ ಪಾಲು ಮುಗಿಯುತ್ತ ಬಂತು, ಇನ್ನು ಉಳಿದಿರುವುದು ನನ್ನದು.

ಅವತ್ತು ಬೆಳಿಗ್ಗೆ ಆಸ್ಪತ್ರೆಗೆ ತಂದ ಕೂಡಲೇ ಅವಳನ್ನು ಒಳಗೆ ಕರೆದುಕೊಂಡು ಹೋದರು. ದೊಡ್ಡ ಸಿಸ್ಟರ್ ನಾನು ಹಿಡಿದು ತಂದಿದ್ದ ಮಾತ್ರೆ ಡಬ್ಬಿಯ ಮುಚ್ಚಳದ ಮೇಲಿನ ಹಾಳೆ ನೋಡಿ, ನನ್ನ ಮುಖ ನೋಡಿದರು. ಆಗ ನಾನು ಮಾಡಿದ ಮೊದಲ ಕೆಲಸ ಯಾವುದು? ಅಕ್ಕನ ಹಿಂದೆ ಓಡಿದೆನೇ? ಇಲ್ಲ. ನನ್ನ ಕೋಣೆಗೆ ಓಡಿದೆ. ಡ್ರಾಯರು ಎಳೆದು ಆ ಎರಡು ಪುಟದ ಪತ್ರ ಹುಡುಕಿದೆ. ತಾರೀಕು ಇದೆಯೇ, ಹಸಿರು ಶಾಯಿ ಕಾಣುತ್ತದೆಯೇ ಎಂದು ನೋಡಿದೆ. ಇತ್ತು. ಕಂಡಿತು. ನನಗೆ ಸಮಾಧಾನವಾಯಿತು. ಸಭಿಕರೇ, ನನ್ನ ಅಕ್ಕ ಕೆಳಗೆ ಮಲಗಿದ್ದಾಗ ನನಗೆ ಸಮಾಧಾನವಾಯಿತು.

ಆಮೇಲೆ ಕುಳಿತು ಆ ಒಂದು ಪದ ಸೇರಿಸಿದೆ. ಯಾರ ಅನುಮತಿಯನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಕೋಣೆಗೆ ಬೀಗವಿರಲಿಲ್ಲ, ಕಡತಕ್ಕೆ ಕಾವಲಿರಲಿಲ್ಲ. ಆರು ವಾರದ ಹಿಂದೆಯೂ ಇರಲಿಲ್ಲ. "ಚರ್ಚಿಸಿ" ಎಂದು ಬರೆದಿದ್ದರು, ನಿಜ. ನಾನು ಕೇಳದೆಯೇ ಮಾಡಿದ್ದರೆ ಏನಾಗುತ್ತಿತ್ತು? ಒಂದು ಮೆಮೊ ಬರುತ್ತಿತ್ತು. ಆಮೇಲೆ ಬಂತು ಕೂಡ: "ಅನುಮತಿಯಿಲ್ಲದೆ ಪುಟದ ಉದ್ದ ಹೆಚ್ಚಿಸಿದ ಬಗ್ಗೆ." ಇವತ್ತು ಪ್ರಶಸ್ತಿ ಪಡೆದ ಆ ಸಾಲು ಸಾಲಿನ ಬಗ್ಗೆ ಈ ಸಂಸ್ಥೆಯ ದಾಖಲೆಯಲ್ಲಿ ನನ್ನ ಹೆಸರಿರುವುದು ಆ ಮೆಮೊದಲ್ಲಿ ಮಾತ್ರ. ನಾನು ಆರು ವಾರ ಸುಮ್ಮನಿದ್ದದ್ದು ಭಯದಿಂದಲ್ಲ. ನಾನು ಕಾಯುತ್ತಿದ್ದೆ. ಏನಾದರೂ ಆಗಲಿ, ನಾನು ಹೇಳಿದ್ದು ಸರಿ ಎಂದಾಗಲಿ ಎಂದು ಕಾಯುತ್ತಿದ್ದೆ. ಯಾರಿಗೆ ಆಗಬೇಕು ಎಂದು ಮಾತ್ರ ಯೋಚಿಸಿರಲಿಲ್ಲ.

ಆಮೇಲೆ ವಿಚಾರಣಾ ಸಮಿತಿ. ನಿರ್ದೇಶಕರು, ಆಡಳಿತಾಧಿಕಾರಿಗಳು, ತಾಂತ್ರಿಕ ಸದಸ್ಯೆಯಾಗಿ ನಾನು. ಆರೋಪಿಯೂ ನ್ಯಾಯಾಧೀಶನೂ ಒಂದೇ ಬಿಸ್ಕತ್ತಿನ ತಟ್ಟೆಗೆ ಕೈಹಾಕುವ ಇಂಥ ಸೌಹಾರ್ದ ಬೇರೆಲ್ಲಿ ಸಿಗುತ್ತದೆ? ನಾನು ಪತ್ರವನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ನಿರ್ದೇಶಕರು ಬಹಳ ಮೆತ್ತಗೆ ಹೇಳಿದರು:

"ಮೇಡಂ, ಆ ಪತ್ರ ತೋರ್ಸಿದ್ರೆ ನನಗೆ ತೊಂದ್ರೆ, ಒಪ್ತೀನಿ. ಆದ್ರೆ ಅದ್ರಲ್ಲಿ 'ಸರಿಪಡಿಸಿದ ಪ್ರತಿ ಸಿದ್ಧವಿದೆ' ಅಂತ ನೀವೇ ಬರ್ದಿದೀರಿ. ಸಿದ್ಧ ಇಟ್ಕೊಂಡು ಸುಮ್ನೆ ಇದ್ರಿ ಅಂತ ಆಗುತ್ತೆ. ಸ್ವಂತ ಅಕ್ಕ ಬೇರೆ."

ಪತ್ರ ಚೀಲದಿಂದ ಹೊರಗೆ ಬರಲಿಲ್ಲ. ವರದಿಯಲ್ಲಿ ಹೀಗೆ ಬರೆದರು: "ಪುಟದಲ್ಲಿ ದೋಷ ಕಂಡುಬಂದಿಲ್ಲ. ಸೂಚನೆಯನ್ನು ರೋಗಿ ತಪ್ಪಾಗಿ ಓದಿಕೊಂಡಿದ್ದಾರೆ." ಕೆಳಗೆ ಮೂರು ಸಹಿ. ಮೂರನೆಯದು ನನ್ನದು.

ಆ ವರದಿಯ ಪ್ರತಿಯನ್ನು ಅಂಚೆಯಲ್ಲಿ ಮನೆಗೆ ಕಳಿಸಿದರು. ಸಹಿಗಳಿರುವ ಹಾಳೆ ಇಲ್ಲದ ಪ್ರತಿ. ಅಕ್ಕ ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ಓದಿದಳು. ಮಡಿಚಿಟ್ಟಳು. ಮಾರನೆಯ ದಿನ, ತಿದ್ದಲು ಬಂದಿದ್ದ ಕರಡುಗಳನ್ನೆಲ್ಲ ಕಟ್ಟಿ ವಾಪಸು ಕಳಿಸಿದಳು. ಕಣ್ಣಿನ ಕಾರಣಕ್ಕೆ ಎಂದುಕೊಂಡೆ. "ಒಂದು ಕಣ್ಣು ಸಾಕು ಕಣೇ ಕರಡು ತಿದ್ದೋಕೆ" ಎಂದಳು. "ಆದ್ರೆ ಎರಡೂ ಕಣ್ಣು ಇದ್ದಾಗ್ಲೇ ನಾನು ತಪ್ಪು ಓದಿದೀನಿ. ಇನ್ನು ಯಾರ ಪುಸ್ತಕ ಹಾಳು ಮಾಡ್ಲಿ?"

ಒಂದು ವರ್ಷ ಎರಡು ತಿಂಗಳಾಯಿತು. ಅವಳು ದಿನಪತ್ರಿಕೆಯನ್ನೂ ನೀನೇ ಓದು ಎನ್ನುತ್ತಾಳೆ. ಓದಿದ ಮೇಲೆ "ಹಾಗೇ ಇದೆಯಾ? ಸರಿಯಾಗಿ ನೋಡು" ಎನ್ನುತ್ತಾಳೆ. ನಾನು ದಿನಾ "ಹಾಗೇ ಇದೆ ಅಕ್ಕ" ಎನ್ನುತ್ತೇನೆ. ಅವಳು ನಂಬುತ್ತಾಳೆ.

ಅಧ್ಯಕ್ಷರೇ, ಇದು ಆ ಪತ್ರ, ಹಸಿರು ಶಾಯಿ ಸಮೇತ. ಇದು ಸಮಿತಿಯ ವರದಿಯಿಂದ ನನ್ನ ಸಹಿಯನ್ನು ಹಿಂತೆಗೆದುಕೊಳ್ಳುವ ಅರ್ಜಿ. ಎರಡನ್ನೂ ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ದಯವಿಟ್ಟು ಹೂಗುಚ್ಛ ಸ್ವಲ್ಪ ಸರಿಸಿ. ಅರ್ಜಿಯಲ್ಲಿ ನಿರ್ದೇಶಕರ ಬಗ್ಗೆ ಒಂದು ಪ್ಯಾರಾ ಇದೆ, ನನ್ನ ಬಗ್ಗೆ ಎರಡಿವೆ.

ಅಕ್ಕ, ನೀನು ಸರಿಯಾಗಿಯೇ ಓದಿದ್ದೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದ್ದೆ. ಇದನ್ನು ಮನೆಯಲ್ಲೇ ಹೇಳಬಹುದಿತ್ತು. ನೂರು ಸಲ ಬಾಯಿಗೆ ಬಂತು, ಊಟದ ಮೇಜಿನಲ್ಲಿ ಹೇಳಲಾಗಲಿಲ್ಲ. ತಪ್ಪು ನಿನ್ನದು ಎಂದು ನಾಲ್ಕು ಜನರೆದುರು ಬರೆದುಕೊಟ್ಟವಳು, ತಪ್ಪು ತನ್ನದು ಎಂದು ನಾಲ್ಕು ಜನರೆದುರೇ ಹೇಳಬೇಕು ಅನ್ನಿಸಿತು.

ಅವಳು ಏಳುತ್ತಿದ್ದಾಳೆ.

ಅಕ್ಕ, ಒಂದು ನಿಮಿಷ. ಅಕ್ಕ!

ಬಾಗಿಲ ಬಳಿ ನಿಂತಿರುವವರೇ, ದಯವಿಟ್ಟು ಸ್ವಲ್ಪ ಅವಳ ಕೈ ಹಿಡಿಯಿರಿ. ಅಲ್ಲಿ ಎಡಕ್ಕೆ ಎರಡು ಮೆಟ್ಟಿಲಿವೆ, ಅವಳಿಗೆ ಆ ಕಡೆ ಕಾಣುವುದಿಲ್ಲ. ಬೇಡ ಎನ್ನುತ್ತಿದ್ದಾಳೆಯೇ? ಕೈ ಕೊಡವಿಕೊಂಡಳೇ? ಸರಿ, ಹಿಡಿಯಬೇಡಿ. ಹತ್ತಿರ ಇರಿ, ಅಷ್ಟೇ. ಹತ್ತಿರ ಇರಿ.

ನಾನು ಇನ್ನೂ ಏನೇನೋ ಬರೆದುಕೊಂಡು ಬಂದಿದ್ದೆ. ನಿರ್ದೇಶಕರ ಮೇಲೆ ಎರಡು ಒಳ್ಳೆಯ ಜೋಕುಗಳೂ ಇದ್ದವು. ಅವನ್ನು ಬಿಡುತ್ತೇನೆ. ಕಾರ್ಯಕ್ರಮ ಮುಂದುವರಿಯಲಿ, ನನಗೇ ವಹಿಸಿದ್ದ ವಂದನಾರ್ಪಣೆಯನ್ನು ಬೇರೆ ಯಾರಾದರೂ ಮಾಡಲಿ. ಮನೆಯ ಬೀಗದ ಕೈ ನನ್ನ ಬಳಿಯೇ ಇದೆ, ನಾನು ಅವಳ ಹಿಂದೆ ಹೋಗಬೇಕು. ನಗಬೇಕಾದಲ್ಲಿ ನಕ್ಕು, ಬೇಡವಾದಲ್ಲಿ ಸುಮ್ಮನಿದ್ದು, ನಾಲ್ಕು ಮಾತೆಂದು ಹೇಳಿ ಇಷ್ಟು ಹೊತ್ತು ಹಿಡಿದಿಟ್ಟವಳನ್ನು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.